ವಾಲಿದರೆ ತಿರುಗುವ ಅಚ್ಚು

ಸ್ಕೇಟ್‌ಬೋರ್ಡಿಗೆ ಹ್ಯಾಂಡಲ್ ಇಲ್ಲ, ಬ್ರೇಕೂ ಇಲ್ಲ. ಎಡಕ್ಕೆ ಹೋಗಬೇಕೆಂದರೆ ಸವಾರ ಎಡಕ್ಕೆ ವಾಲಬೇಕು. ಅವನೊಂದಿಗೆ ಹಲಗೆ ವಾಲುತ್ತದೆ, ನಾಲ್ಕೂ ಚಕ್ರಗಳು ನೆಲ ಬಿಡದೆ ಬೋರ್ಡು ಎಡಕ್ಕೆ ತಿರುಗುತ್ತದೆ. ಈ ಕೆಲಸ ಮಾಡುವುದು ಹಲಗೆಯ ಅಡಿಯಲ್ಲಿ ಮುಂದೊಂದು ಹಿಂದೊಂದು ಕೂತಿರುವ ಎರಡು ಲೋಹದ ಜೋಡಣೆಗಳು. ಅವಕ್ಕೆ ಟ್ರಕ್ ಎಂದು ಹೆಸರು. ಸವಾರಿ ಹಿತವೋ ಹಿಂಸೆಯೋ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಟ್ರಕ್ಕನ್ನು ಬಿಚ್ಚಿದರೆ ಸಿಗುವ ಭಾಗಗಳು ಕೆಲವೇ. ಹಲಗೆಗೆ ಬಿಗಿಯುವ ಬೇಸ್‌ಪ್ಲೇಟ್, 8 ಮಿ.ಮೀ. ದಪ್ಪದ ಉಕ್ಕಿನ ಅಚ್ಚನ್ನು ಒಳಗಿಟ್ಟುಕೊಂಡ ಅಲ್ಯೂಮಿನಿಯಂ ಹ್ಯಾಂಗರ್. ಇವೆರಡನ್ನೂ ಹಿಡಿದಿಡುವ ಕಿಂಗ್‌ಪಿನ್ ಎಂಬ ದಪ್ಪ ಬೋಲ್ಟು. ಆ ಬೋಲ್ಟಿನಲ್ಲಿ ಹ್ಯಾಂಗರಿನ ಮೇಲೊಂದು ಕೆಳಗೊಂದು ಯುರೆಥೇನ್ ಬುಷ್ ಇರುತ್ತದೆ. ಹ್ಯಾಂಗರಿನ ಮೂತಿ ಹೋಗಿ ಕೂರುವ ಪುಟ್ಟ ಬಟ್ಟಲೇ ಪಿವಟ್ ಕಪ್.

ಗುಟ್ಟಿರುವುದು ಓರೆಯಲ್ಲಿ. ಹ್ಯಾಂಗರ್ ಒಂದು ಅಕ್ಷದ ಸುತ್ತ ಹೊರಳುತ್ತದೆ. ಆ ಅಕ್ಷ ನೆಲಕ್ಕೆ ಸಮಾಂತರವಾಗಿದ್ದರೆ ಹಲಗೆ ಸುಮ್ಮನೆ ಅತ್ತಿತ್ತ ತೂಗುತ್ತಿತ್ತು, ಅಚ್ಚು ತಿರುಗುತ್ತಿರಲಿಲ್ಲ. ನೆಟ್ಟಗೆ ನಿಂತಿದ್ದರೆ ಅಚ್ಚು ತಿರುಗುತ್ತಿತ್ತು, ಆದರೆ ವಾಲುವುದಕ್ಕೂ ತಿರುಗುವುದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಇವೆರಡರ ನಡುವೆ ಓರೆಯಾಗಿ ನಿಲ್ಲಿಸಿದಾಗ ವಾಲಿದಷ್ಟಕ್ಕೆ ತಕ್ಕ ತಿರುವು ಸಿಗುತ್ತದೆ. ಅಕ್ಷ 45 ಡಿಗ್ರಿ ಓರೆಯಲ್ಲಿದ್ದರೆ ಹಲಗೆ 10 ಡಿಗ್ರಿ ವಾಲಿದಾಗ ಅಚ್ಚೂ ಹೆಚ್ಚುಕಡಿಮೆ 10 ಡಿಗ್ರಿ ತಿರುಗುತ್ತದೆ. ಮುಂದಿನ ಟ್ರಕ್ಕು ಒಳಕ್ಕೆ, ಹಿಂದಿನದು ಹೊರಕ್ಕೆ ತಿರುಗುವುದರಿಂದ, ಅಚ್ಚುಗಳ ನಡುವೆ ಸುಮಾರು 36 ಸೆಂ.ಮೀ. ಅಂತರವಿರುವ ಬೋರ್ಡು ಅಷ್ಟು ವಾಲಿದರೆ ಸಾಕು, ಸುಮಾರು ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತಿಬರುತ್ತದೆ. ಓರೆಯನ್ನು 50 ಡಿಗ್ರಿಗೆ ಏರಿಸಿದರೆ ಅಷ್ಟೇ ವಾಲಿದರೂ ಅಚ್ಚು ಹೆಚ್ಚು ತಿರುಗುತ್ತದೆ, 20ಕ್ಕೆ ಇಳಿಸಿದರೆ ಮೂರರಲ್ಲೊಂದು ಪಾಲು ಮಾತ್ರ.

ಈ ಉಪಾಯ ಸ್ಕೇಟ್‌ಬೋರ್ಡಿಗಿಂತ ಬಹಳ ಹಳೆಯದು. ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಪೇಟೆಂಟ್ ಪಡೆದ ನಾಲ್ಕು ಚಕ್ರದ ರೋಲರ್ ಸ್ಕೇಟಿನಲ್ಲಿ ರಬ್ಬರಿನ ಮೆತ್ತೆಯಿತ್ತು. ಪಾದ ವಾಲಿಸಿದರೆ ಸ್ಕೇಟು ತಿರುಗುತ್ತಿತ್ತು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರುಗಳು ಇಂಥ ಸ್ಕೇಟುಗಳನ್ನು ಬಿಚ್ಚಿ ಹಲಗೆಗೆ ಜಡಿದರು. ಒಂದು ಪಾದದ ಅಗಲಕ್ಕೆಂದು ಮಾಡಿದ ಕಿರಿದಾದ ಟ್ರಕ್ಕಿನ ಮೇಲೆ ಈಗ ಇಡೀ ಮನುಷ್ಯ ನಿಂತು ಇಳಿಜಾರು ಇಳಿಯುತ್ತಿದ್ದ. ಆಗಿನ ಗಟ್ಟಿ ಚಕ್ರಗಳು ಹೇಗೂ ಜಾರುತ್ತಿದ್ದವು, ಹಾಗಾಗಿ ಟ್ರಕ್ಕಿನ ಕುಂದು ಎದ್ದು ಕಾಣಲಿಲ್ಲ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ನೆಲವನ್ನು ಕಚ್ಚಿ ಹಿಡಿಯುವ ಯುರೆಥೇನ್ ಚಕ್ರಗಳನ್ನು ತಂದ ಮೇಲೆ ಕುಂದು ಬಯಲಾಯಿತು. 1975ರ ಸುಮಾರಿಗೆ ಬೆನೆಟ್, ಟ್ರ್ಯಾಕರ್ ಎಂಬ ಹೆಸರುಗಳಲ್ಲಿ ಸ್ಕೇಟ್‌ಬೋರ್ಡಿಗೆಂದೇ ರೂಪಿಸಿದ ಟ್ರಕ್ಕುಗಳು ಬಂದವು, 1978ರಲ್ಲಿ ಇಂಡಿಪೆಂಡೆಂಟ್. ಚುರುಕಾಗಿ ತಿರುಗುವುದು ಸ್ಥಿರವಾಗಿರುವುದಿಲ್ಲ, ಸ್ಥಿರವಾಗಿರುವುದು ತಿರುಗಲು ಒಲ್ಲೆನ್ನುತ್ತದೆ ಎಂಬ ಜಗಳ ಅಂದೇ ಶುರುವಾಗಿತ್ತು.

ಜಗಳದ ಮೂಲ ಸವಾರನ ದೇಹದಲ್ಲೂ ಇದೆ. ನಿಧಾನವಾಗಿ ಸಾಗುವಾಗ ಹಿತವೆನಿಸುವ ಚುರುಕುತನ ವೇಗ ಏರಿದಾಗ ಅಪಾಯವಾಗುತ್ತದೆ: ಕಣಕಾಲಿನ ಸಣ್ಣ ಕದಲಿಕೆಗೂ ಬೋರ್ಡು ಪಕ್ಕಕ್ಕೆ ಹಾರುತ್ತದೆ, ಸವಾರ ಸರಿಪಡಿಸಲು ಹೋಗಿ ಇನ್ನೊಂದು ಪಕ್ಕಕ್ಕೆ ಎಳೆಯುತ್ತಾನೆ, ತೊನೆದಾಟ ಬೆಳೆಯುತ್ತ ಹೋಗುತ್ತದೆ. ಅಮೆರಿಕದ ಎಂಜಿನಿಯರ್ ಮಾಂಟ್ ಹಬ್ಬರ್ಡ್ 1979ರಲ್ಲೇ ಬೋರ್ಡಿನ ಸ್ಥಿರತೆಯನ್ನು ಸಮೀಕರಣಗಳಿಗೆ ಇಳಿಸಿದರು. 2016ರಲ್ಲಿ ಹಂಗೆರಿ ಮತ್ತು ಬ್ರಿಟನ್ನಿನ ಸಂಶೋಧಕರು ಅದಕ್ಕೆ ಮನುಷ್ಯನ ಪ್ರತಿಕ್ರಿಯೆಯ ವಿಳಂಬವನ್ನೂ ಸೇರಿಸಿ ಲೆಕ್ಕ ಹಾಕಿದರು. ಬೋರ್ಡು ವಾಲಿದ್ದು ಮಿದುಳಿಗೆ ತಿಳಿದು ಕಾಲು ಸ್ಪಂದಿಸುವಷ್ಟರಲ್ಲಿ ಸೆಕೆಂಡಿನ ಒಂದು ಸಣ್ಣ ಪಾಲು ಕಳೆದಿರುತ್ತದೆ. ಎಷ್ಟೇ ನುಣುಪಾದ ಟ್ರಕ್ಕೂ ಆ ಪಾಲನ್ನು ಅಳಿಸಲಾರದು. 2017ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಇಳಿಜಾರಿನಲ್ಲಿ ಬ್ರಿಟನ್ನಿನ ಪೀಟರ್ ಕಾನೊಲಿ ಗಂಟೆಗೆ 146.73 ಕಿ.ಮೀ. ವೇಗ ಮುಟ್ಟಿ ವಿಶ್ವದಾಖಲೆ ಮಾಡಿದರು. ಅಂಥ ವೇಗಕ್ಕೆ ಬೇಕಾದದ್ದು ಮೆಲ್ಲಗೆ, ಅಳೆದು ತೂಗಿ ತಿರುಗುವ ಟ್ರಕ್ಕು.

ಚುರುಕುತನ ಮತ್ತು ಸ್ಥಿರತೆಯ ಈ ಜಗಳಕ್ಕೆ ಸಿಕ್ಕ ಒಳ್ಳೆಯ ಉತ್ತರವೆಂದರೆ ಎರಡೂ ಟ್ರಕ್ಕುಗಳಿಗೆ ಒಂದೇ ಕೆಲಸ ಕೊಡದಿರುವುದು. ಸಾಲು ಕೋನ್‌ಗಳ ನಡುವೆ ನುಸುಳುವ ಸ್ಲಾಲಮ್ ಪಟುಗಳು ಮುಂದಿನ ಟ್ರಕ್ಕಿಗೆ ದೊಡ್ಡ ಓರೆಯನ್ನೂ ಹಿಂದಿನದಕ್ಕೆ ತೀರಾ ಚಿಕ್ಕ ಓರೆಯನ್ನೂ ಇಡುತ್ತಾರೆ. ಮುಂದಿನದು ದಾರಿ ಹಿಡಿಯುತ್ತದೆ, ಹಿಂದಿನದು ಸ್ವಲ್ಪವೇ ತಿರುಗುತ್ತ ಬೆನ್ನಿಗೆ ಆಸರೆಯಾಗುತ್ತದೆ. ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಗ್ರೆಗ್ ಫಾಕ್ ಮತ್ತು ನೀಲ್ ಕಾರ್ವರ್ 1990ರ ದಶಕದ ನಡುವಿನಲ್ಲಿ ಇದನ್ನೇ ಇನ್ನೂ ದೂರ ಒಯ್ದರು. ಕಡಲಲ್ಲಿ ಅಲೆ ಇಲ್ಲದ ದಿನಗಳಲ್ಲೂ ರಸ್ತೆಯ ಮೇಲೆ ಸರ್ಫಿಂಗಿನ ಅನುಭವ ಸಿಗಬೇಕೆಂಬುದು ಅವರ ಹಂಬಲ. ಅದಕ್ಕಾಗಿ ಮುಂದಿನ ಟ್ರಕ್ಕಿಗೆ ಅಡ್ಡಡ್ಡ ಹೊರಳುವ ಇನ್ನೊಂದು ತೋಳನ್ನೂ ಅದನ್ನು ನಡುವಿಗೆ ಮರಳಿಸುವ ಸ್ಪ್ರಿಂಗನ್ನೂ ಕೊಟ್ಟರು, ಹಿಂದಿನದನ್ನು ಸಾಮಾನ್ಯ ಟ್ರಕ್ಕಾಗಿಯೇ ಉಳಿಸಿದರು. ಪಳಗಿದ ಸವಾರ ಸೊಂಟ ತಿರುವುತ್ತಲೇ, ನೆಲಕ್ಕೆ ಕಾಲು ತಾಗಿಸದೆ ವೇಗ ಹೆಚ್ಚಿಸಿಕೊಳ್ಳಬಲ್ಲ. ಸರ್ಫ್‌ಸ್ಕೇಟ್ ಎಂಬ ಹೊಸ ಬಗೆ ಹೀಗೆ ಬೇರೂರಿತು.

ತಿರುವಿನ ಪ್ರಮಾಣವನ್ನು ಓರೆ ನಿರ್ಧರಿಸಿದರೆ, ಅದರ ಹದವನ್ನು ನಿರ್ಧರಿಸುವುದು ಬುಷ್. ಇಡೀ ಬೋರ್ಡಿನಲ್ಲಿ ಅಗ್ಗದ ಭಾಗಗಳಲ್ಲೊಂದಾದ ಇದಕ್ಕೆ ಸಲ್ಲಬೇಕಾದ ಗಮನ ಸಲ್ಲುವುದಿಲ್ಲ. ಯುರೆಥೇನಿನ ಗಡಸುತನವನ್ನು ಶೋರ್ ಎ ಮಾಪಕದಲ್ಲಿ ಅಳೆಯುತ್ತಾರೆ: 80ರ ಆಸುಪಾಸಿನದು ಮೆದು, 95 ದಾಟಿದ್ದು ಬಿರುಸು. ಹಗುರ ಮೈಯವರಿಗೆ ಮೆದುವಾದದ್ದು, ಭಾರದವರಿಗೆ ಗಡಸಾದದ್ದು ಒಗ್ಗುತ್ತದೆ. ಆಕಾರವೂ ಮುಖ್ಯ. ಶಂಕುವಿನಾಕಾರದ ಬುಷ್ ಹ್ಯಾಂಗರನ್ನು ದೂರದವರೆಗೆ ವಾಲಗೊಡುತ್ತದೆ, ಪೀಪಾಯಿಯಾಕಾರದ್ದು ಬೇಗ ಎದುರು ನಿಂತು ನಡುವಿಗೆ ತಳ್ಳುತ್ತದೆ. ಬೋರ್ಡು ಅಲುಗಾಡುತ್ತಿದೆ ಎನಿಸಿದಾಗ ಹಲವರು ಮಾಡುವುದು ಕಿಂಗ್‌ಪಿನ್ನಿನ ನಟ್ಟನ್ನು ಬಿಗಿಯುತ್ತಲೇ ಹೋಗುವುದು. ಇದು ತಪ್ಪು ಮದ್ದು. ಮೊದಲೇ ಅದುಮಿಹೋದ ಯುರೆಥೇನಿಗೆ ಹಿಗ್ಗಿ ಕುಗ್ಗಲು ಜಾಗವಿರುವುದಿಲ್ಲ. ತಿರುವು ಮೊದಲಿಗೆ ಸೆಟೆದುಕೊಂಡು, ಒಮ್ಮೆಲೇ ಕಳಚಿಕೊಂಡಂತೆ ಬರುತ್ತದೆ. ಗಡಸು ಬುಷ್ ಹಾಕಿ ನಟ್ಟನ್ನು ಹಗುರಾಗಿ ಬಿಗಿಯುವುದೇ ಸರಿ. ಹಾಗೆಂದು ವಿಪರೀತ ಸಡಿಲ ಬಿಟ್ಟರೆ ಆಳವಾದ ತಿರುವಿನಲ್ಲಿ ಹಲಗೆ ಚಕ್ರಕ್ಕೆ ತಾಗಿ, ಚಕ್ರ ಥಟ್ಟನೆ ನಿಂತು, ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಹಲಗೆಗೂ ಬೇಸ್‌ಪ್ಲೇಟಿಗೂ ನಡುವೆ ಎತ್ತರಿಸುವ ಪ್ಯಾಡ್ ಇಡುವುದು ಈ ಕಾರಣಕ್ಕೆ.

ಇನ್ನು ಉಳಿದದ್ದು ಸವೆತ ಮತ್ತು ಅದರಿಂದ ಭಾಗಗಳ ನಡುವೆ ಹುಟ್ಟುವ ಸಡಿಲ. ಪಿವಟ್ ಕಪ್ ಸವೆದಿದ್ದರೆ ಹ್ಯಾಂಗರಿನ ಮೂತಿ ಅದರೊಳಗೆ ಅಲುಗುತ್ತದೆ. ಸವಾರ ವಾಲಿದ ಮೇಲೆ ಒಂದಿಷ್ಟು ಹೊತ್ತು ಏನೂ ಆಗದೆ ಆಮೇಲೆ ತಿರುವು ಸಿಗುತ್ತದೆ. ದುಬಾರಿ ಟ್ರಕ್ಕುಗಳಲ್ಲಿ ಎರಕದ ಬದಲು ಯಂತ್ರದಲ್ಲಿ ಕಡೆದ ಹ್ಯಾಂಗರ್ ಇರುತ್ತದೆ, ಕೆಲವದರಲ್ಲಿ ಕಪ್ಪಿನ ಜಾಗದಲ್ಲಿ ಗೋಳಾಕಾರದ ಬೇರಿಂಗ್. ಸಾಧಾರಣ ಟ್ರಕ್ಕಿಗೂ ಹೊಸ ಕಪ್, ಒಳ್ಳೆಯ ಬುಷ್ ಹಾಕಿದರೆ ಸುಧಾರಣೆ ತಕ್ಷಣ ಕಾಲಿಗೆ ತಿಳಿಯುತ್ತದೆ. ಓರೆಯನ್ನು ಬದಲಿಸಲು ಟ್ರಕ್ಕನ್ನೇ ಬದಲಿಸಬೇಕಾಗಿಲ್ಲ: ಬೆಣೆಯಾಕಾರದ ಪ್ಯಾಡ್ ಇಟ್ಟರೆ ಕೆಲವು ಡಿಗ್ರಿ ಏರುತ್ತದೆ, ಅದನ್ನೇ ತಿರುಗಿಸಿ ಇಟ್ಟರೆ ಅಷ್ಟೇ ಇಳಿಯುತ್ತದೆ. ಮುಂದೆ ಏರುವಂತೆ, ಹಿಂದೆ ಇಳಿಯುವಂತೆ ಎರಡು ಪ್ಯಾಡ್ ಹಾಕಿದರೆ ಸ್ಲಾಲಮ್ ಪಟುಗಳ ಏರ್ಪಾಟಿನ ಒಂದು ಪಾಲಾದರೂ ಮನೆಯಲ್ಲಿರುವ ಬೋರ್ಡಿಗೇ ದಕ್ಕುತ್ತದೆ. ಹಾಗೆ ಹಾಕಿದ ಮೇಲೆ ಮೊದಲು ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಓಡಿಸಿ, ಚಕ್ರ ಹಲಗೆಗೆ ತಾಗುವುದೇ ಎಂದು ನೋಡಿಕೊಳ್ಳಬೇಕು.