ಒಂದೇ ಭೂಕಂಪ, ನೆಲಕ್ಕೊಂದು ನಡುಕ

ಅಕ್ಕ–ಭಾವ ಮಾಧವರಂನಲ್ಲಿ ಫ್ಲಾಟ್ ತೆಗೆದುಕೊಂಡರು. ಐದು ಮಹಡಿಯ ಕಟ್ಟಡ, ಅವರದು ಮೂರನೆಯದು. ಒಂದು ಕಾಲಕ್ಕೆ ಮಾಧವರಂ ಅಂದರೆ ಹಾಲಿನ ಡೇರಿ, ಕೆರೆ, ಸಾಲುಗಟ್ಟಿ ನಿಂತ ಲಾರಿಗಳು. 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು, 2018ರಲ್ಲಿ ಆಂಧ್ರದ ಕಡೆಯ ಬಸ್ಸುಗಳಿಗೆ ನಿಲ್ದಾಣ ಬಂತು, 2022ರಲ್ಲಿ ಮೆಟ್ರೋ ಎರಡನೇ ಹಂತದ ಸುರಂಗ ಕೊರೆಯುವ ಯಂತ್ರ ಇಲ್ಲಿಂದಲೇ ನೆಲದೊಳಕ್ಕೆ ಇಳಿಯಿತು. ಹಳಬರಿಗೇ ಊರಿನ ಗುರುತು ಸಿಗದು.

ಗೃಹಪ್ರವೇಶದ ಮರುದಿನ ಊಟಕ್ಕೆ ಕೂತಾಗ ಮಾತು ಹೇಗೋ ಭೂಕಂಪದ ಕಡೆ ಹೊರಳಿತು. ಭಾವ ಧೈರ್ಯವಾಗಿಯೇ ಹೇಳಿದರು: "ನೋಡಪ್ಪ, ಇಲ್ಲಿ ನೆಲ ಮೆತ್ತಗಿದೆ. ಜೇಡಿಮಣ್ಣು, ಮರಳು. ಎಂಥ ಭೂಕಂಪ ಆದ್ರೂ ಹಾಸಿಗೆ ಥರ ಹೀರ್ಕೊಂಡುಬಿಡುತ್ತೆ. ಬಂಡೆ ಮೇಲೆ ಮನೆ ಕಟ್ಟಿದೋರಿಗೇ ಅಲುಗಾಟ ಜಾಸ್ತಿ."

ಇಷ್ಟು ಆತ್ಮವಿಶ್ವಾಸದಿಂದ ಇಷ್ಟು ಪೂರ್ತಿ ತಲೆಕೆಳಗಾದ ಮಾತನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ. ಬೆಂಗಳೂರಿನಲ್ಲಿ ಕೆರೆಯಂಗಳದ ಬಡಾವಣೆಯವರೂ ಇದನ್ನೇ ಹೇಳುತ್ತಾರೆ. ವಾದಕ್ಕೆ ಇಳಿಯಲಿಲ್ಲ. ಅಕ್ಕ ತಟ್ಟೆಗೆ ಹುಯ್ದು ಆರಲು ಇಟ್ಟಿದ್ದ ಹಾಲುಬಾಯಿ ಎದುರಿಗೇ ಇತ್ತು. ತಟ್ಟೆಯ ಅಂಚಿಗೆ ಬೆರಳಲ್ಲಿ ಒಮ್ಮೆ ತಟ್ಟಿದೆ. ಸ್ಟೀಲ್ ತಟ್ಟೆ ಟಣ್ ಎಂದು ಅಲ್ಲಿಗೇ ಸುಮ್ಮನಾಯಿತು. ಅದರ ಮೇಲಿದ್ದ ಹಾಲುಬಾಯಿ ಮಾತ್ರ ಥರಥರ ನಡುಗುತ್ತಲೇ ಇತ್ತು. "ಭಾವ, ತಟ್ಟೆ ಚೆನ್ನೈ ದಕ್ಷಿಣದ ಬಂಡೆ ನೆಲದ ಗಿಂಡಿ, ಹಾಲುಬಾಯಿ ನಿಮ್ಮ ಮಾಧವರಂ" ಅಂದೆ. ಅಕ್ಕ ತಟ್ಟೆ ಎಳೆದುಕೊಂಡು, "ತಿನ್ನೋದಕ್ಕೆ ಮಾಡಿದ್ದು, ಪಾಠ ಮಾಡೋಕ್ಕಲ್ಲ" ಅಂದಳು.

"ಮೆತ್ತನೆಯ ಮಣ್ಣು ಅಲುಗಾಟ ಹೀರಿಕೊಳ್ಳುತ್ತದೆ"

ಭೂಕಂಪದ ಅಲೆ ಗಟ್ಟಿ ಬಂಡೆಯಲ್ಲಿ ಓಡುವ ವೇಗಕ್ಕೂ ಮೆತ್ತನೆಯ ಮಣ್ಣಿನಲ್ಲಿ ಓಡುವ ವೇಗಕ್ಕೂ ಅಜಗಜಾಂತರ. ಕಟ್ಟಡಗಳನ್ನು ಅಕ್ಕಪಕ್ಕಕ್ಕೆ ತೂಗಾಡಿಸುವ ಅಡ್ಡ ಅಲೆಗಳು ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿದರೆ, ಸಡಿಲ ಜೇಡಿಮಣ್ಣಿನಲ್ಲಿ 100–200 ಮೀಟರಿಗೆ ಇಳಿಯುತ್ತವೆ. ವೇಗ ಇಳಿಯಿತೆಂದು ಹೊತ್ತು ತಂದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಮುಂದೆ ಓಡಲಾರದ ಅಲೆ ಆ ಶಕ್ತಿಯನ್ನು ತೂಗಾಟದಲ್ಲಿ ತೋರಿಸುತ್ತದೆ: ನೆಲ ಹಿಂದೆಮುಂದೆ ಸರಿಯುವ ದೂರ ಹೆಚ್ಚಾಗುತ್ತದೆ. ಅದರ ಜೊತೆಗೆ ಮಣ್ಣಿನೊಳಗೆ ಬಂದ ಅಲೆ ಕೆಳಗಿನ ಬಂಡೆಗೂ ಮೇಲಿನ ನೆಲಮಟ್ಟಕ್ಕೂ ನಡುವೆ ಸಿಕ್ಕಿಬಿದ್ದು ಹೋಗಿಬಂದು ಮಾಡುತ್ತದೆ. ಹಾಗಾಗಿ ನಡುಕ ದೊಡ್ಡದೂ ಆಗುತ್ತದೆ, ಹೆಚ್ಚು ಹೊತ್ತೂ ಇರುತ್ತದೆ.

ಭಾವನ ಮಾತಿನಲ್ಲಿ ಎಳ್ಳಿನಷ್ಟು ನಿಜವೂ ಇಲ್ಲ ಎನ್ನಲಾರೆ. ನಡುಕ ವಿಪರೀತ ಜೋರಾದಾಗ ಮೆತ್ತನೆಯ ಮಣ್ಣು ಒಳಗೊಳಗೇ ಕದಡಿ, ಕೆಲವು ಬಗೆಯ ಚುರುಕು ಕಂಪನಗಳನ್ನು ತುಸು ತಗ್ಗಿಸುವುದುಂಟು. ಆದರೆ ಆ ಹೊತ್ತಿಗೆ ಮಣ್ಣೇ ಕುಸಿಯುವ, ನೀರಾಗುವ ಬೇರೆ ಗಂಡಾಂತರ ಶುರುವಾಗಿರುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಚೆನ್ನೈ ಒಂದೇ ನೆಲವಲ್ಲ. ದಕ್ಷಿಣದಲ್ಲಿ ಗಿಂಡಿ, ಸೇಂಟ್ ಥಾಮಸ್ ಮೌಂಟ್, ಪಲ್ಲಾವರಂ ಕಡೆ ಸ್ವಲ್ಪ ಅಗೆದರೆ ಬಂಡೆ. ಕೆಲವು ಕಡೆ ಅಗೆಯುವುದೂ ಬೇಡ, ಗುಡ್ಡವೇ ಎದ್ದು ನಿಂತಿದೆ. ಆ ಕಲ್ಲಿನ ಹೆಸರು ಚಾರ್ನಕೈಟ್. ಕೋಲ್ಕತ್ತದ ಜಾಬ್ ಚಾರ್ನಾಕ್‌ನ ಗೋರಿಗೆ ಹೊದಿಸಿದ ಕಲ್ಲು ಇಲ್ಲಿಂದ ಹೋದದ್ದೆಂದು ಭೂವಿಜ್ಞಾನಿ ಥಾಮಸ್ ಹಾಲಂಡ್ ಅವನ ಹೆಸರನ್ನೇ ಇಟ್ಟ. ಮದರಾಸಿನ ಕಲ್ಲಿಗೆ ಕಲಕತ್ತೆಯ ಸತ್ತವನ ಹೆಸರು! ಉತ್ತರಕ್ಕೆ, ಪಶ್ಚಿಮಕ್ಕೆ ಹೋದಂತೆ ಬಂಡೆ ಆಳಕ್ಕಿಳಿಯುತ್ತದೆ. ಅದರ ಮೇಲೆ ನದಿಗಳೂ ಕಡಲೂ ಹರವಿದ ಜೇಡಿ, ಮರಳು, ಮರಳುಮಿಶ್ರ ಜೇಡಿ ಪದರ ಪದರವಾಗಿ ಕೂತಿವೆ. ಮಾಧವರಂ ಇರುವುದು ಈ ಕಡೆ.

ನೆಲ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಎಂದು ಅಳೆಯುವ ರೀತಿ ಸರಳವಾಗಿದೆ. ಬಯಲಿನಲ್ಲಿ ಒಂದು ಲೋಹದ ಹಲಗೆ ಇಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಅಲ್ಲಿಂದ ಸಾಲಾಗಿ ನೆಲಕ್ಕೆ ಚುಚ್ಚಿದ ಪುಟ್ಟ ಸಂವೇದಕಗಳು ಅಲೆ ಯಾವಾಗ ಬಂತು, ಎಷ್ಟು ಬಂತು ಎಂದು ದಾಖಲಿಸುತ್ತವೆ. ಅದರಿಂದ ಮೇಲಿನ 30 ಮೀಟರ್ ನೆಲದ ಸರಾಸರಿ ಅಲೆವೇಗ ತೆಗೆಯುತ್ತಾರೆ. ಚೆನ್ನೈನಲ್ಲಿ ಐಐಟಿ ಮದ್ರಾಸಿನವರು, ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಹೀಗೆ ಊರಿನ ಜಾಗಜಾಗಕ್ಕೆ ಹೋಗಿ ಬಡಿದು ನೋಡಿದ್ದಾರೆ. ಒಂದೇ ನಗರದೊಳಗೆ ಈ ಬೀದಿ ಬೇರೆ, ಆ ಬೀದಿ ಬೇರೆ ಎಂಬುದು ಹಾಗೆ ಕಂಡುಕೊಂಡ ಸಂಗತಿ.

"ರಿಕ್ಟರ್ ಮಾಪಕದಲ್ಲಿ ಇಷ್ಟು ಅಂದಮೇಲೆ ಎಲ್ಲ ಕಡೆ ಅಷ್ಟೇ"

ಈ ಗೊಂದಲಕ್ಕೆ ನಮ್ಮ ಪತ್ರಿಕಾ ಕನ್ನಡದ ಪಾಲೂ ಇದೆ. "ರಿಕ್ಟರ್ ಮಾಪಕದಲ್ಲಿ 5.1ರಷ್ಟು ತೀವ್ರತೆ" ಎಂದು ಕಣ್ಣುಮುಚ್ಚಿ ಬರೆಯುತ್ತೇವೆ. ಆ ಸಂಖ್ಯೆ ಹೇಳುವುದು ಭೂಕಂಪದ ಗಾತ್ರ ಅಥವಾ ಪ್ರಮಾಣವನ್ನು: ಮೂಲದಲ್ಲಿ ಎಷ್ಟು ಶಕ್ತಿ ಬಿಡುಗಡೆಯಾಯಿತು ಎಂಬುದನ್ನು. ಅದು ಒಂದು ಭೂಕಂಪಕ್ಕೆ ಒಂದೇ. ತೀವ್ರತೆ ಎಂಬ ಪದವನ್ನು ನಿಮ್ಮ ಕಾಲಡಿಯ ನಡುಕಕ್ಕೆ ಮೀಸಲಿಡಬೇಕು; ಅದು ಊರಿಗೊಂದು, ಕೆಲವು ಸಲ ಬೀದಿಗೊಂದು. ಡೋಲಿಗೆ ಎಷ್ಟು ಜೋರಾಗಿ ಬಡಿದರು ಎಂಬುದು ಒಂದು ಲೆಕ್ಕ. ಮದುವೆ ಛತ್ರದ ಮುಂದಿನ ಸಾಲಿಗೆ, ಊಟದ ಮನೆಗೆ, ಓಣಿಯ ಕೊನೆಗೆ ಎಷ್ಟು ಕೇಳಿಸಿತು ಎಂಬುದು ಬೇರೆ ಬೇರೆ ಲೆಕ್ಕ. ಅಂದಹಾಗೆ ಪ್ರಮಾಣದಲ್ಲಿ ಒಂದಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ.

"ದೂರದಲ್ಲಾದರೆ ನಮಗೇನು?"

11 ಏಪ್ರಿಲ್ 2012, ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಚೆನ್ನೈನ ಎತ್ತರದ ಕಚೇರಿಗಳಿಂದ ಜನ ದಡಬಡ ಇಳಿದು ರಸ್ತೆಗೆ ಬಂದರು. ಸುಮಾತ್ರಾದ ಆಚೆ ಕಡಲಿನಡಿ 8.6 ಪ್ರಮಾಣದ ಭೂಕಂಪ. ದೂರ ಸುಮಾರು 1,800 ಕಿಲೋಮೀಟರ್. ಬೆಂಗಳೂರಿನಲ್ಲೂ ಹಲವರು ಕಟ್ಟಡ ಬಿಟ್ಟು ಹೊರಬಂದರು. ಅದೇ ಹೊತ್ತಿಗೆ ಕೆಳಗೆ ಸ್ಕೂಟರ್ ಓಡಿಸುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಹತ್ತನೇ ಮಹಡಿಯವರು ಸುಳ್ಳು ಹೇಳಿದರೆ? ಇಲ್ಲ. ಬಹುದೂರ ಪಯಣಿಸುವಷ್ಟರಲ್ಲಿ ಚುರುಕು ಕಂಪನಗಳೆಲ್ಲ ಸೋತುಹೋಗಿ, ನಿಧಾನ ತೂಗಾಟದ ಅಲೆಗಳು ಮಾತ್ರ ಬಂದು ತಲುಪುತ್ತವೆ. ಅವು ಎತ್ತರದ ಕಟ್ಟಡಗಳನ್ನೇ ಹುಡುಕಿ ತೂಗುತ್ತವೆ.

ಅಂದು ಇಲ್ಲಿ ಯಾರಿಗೂ ಏನೂ ಆಗಲಿಲ್ಲ. ಎಲ್ಲ ಊರಿಗೂ ಆ ಅದೃಷ್ಟವಿಲ್ಲ. 19 ಸೆಪ್ಟೆಂಬರ್ 1985ರ ಮೆಕ್ಸಿಕೋ ಭೂಕಂಪದ ಮೂಲ ಪೆಸಿಫಿಕ್ ಕರಾವಳಿಯಲ್ಲಿತ್ತು. ರಾಜಧಾನಿ 350 ಕಿಲೋಮೀಟರಿಗೂ ಆಚೆ. ಮೂಲಕ್ಕೆ ಹತ್ತಿರವಿದ್ದ, ಬಂಡೆಯ ಮೇಲಿನ ಕರಾವಳಿ ಊರುಗಳಿಗಿಂತ ಹೆಚ್ಚು ನೆಲಸಮವಾದದ್ದು ರಾಜಧಾನಿಯ ನಡುಭಾಗ. ಯಾಕೆಂದರೆ ಅದು ಬತ್ತಿಸಿದ ಟೆಕ್ಸ್‌ಕೋಕೋ ಕೆರೆಯ ಜೇಡಿಯ ಮೇಲೆ ಕೂತಿದೆ. ಅದೇ ನಗರದಲ್ಲಿ ಗಟ್ಟಿ ನೆಲದ ವಿಶ್ವವಿದ್ಯಾಲಯದ ಆವರಣದಲ್ಲಿ ಅಳೆದ ಅಲುಗಾಟಕ್ಕೆ ಹೋಲಿಸಿದರೆ ಕೆರೆಯಂಗಳದಲ್ಲಿ ಅಳೆದದ್ದು ಸುಮಾರು ಐದು ಪಟ್ಟು.

ನಮ್ಮ ದೇಶದ ಉದಾಹರಣೆ ಬೇಕೇ? 26 ಜನವರಿ 2001. ಭುಜ್ ಭೂಕಂಪದ ಮೂಲದಿಂದ ಅಹಮದಾಬಾದ್ 200 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಸಬರಮತಿ ನದಿ ತಂದು ಹರವಿದ ಮೆಕ್ಕಲು ಮಣ್ಣಿನ ಮೇಲಿದ್ದ ಬಹುಮಹಡಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಹೆಚ್ಚಿನವು ಕೆಳಮಹಡಿಯಲ್ಲಿ ಗೋಡೆಯಿಲ್ಲದೆ, ಕಾರು ನಿಲ್ಲಿಸಲು ಬರೀ ಕಂಬಗಳ ಮೇಲೆ ನಿಂತ ಕಟ್ಟಡಗಳು. ಭಾವನ ಕಟ್ಟಡದ ಕೆಳಗೂ ಪಾರ್ಕಿಂಗೇ. ಅದನ್ನು ಊಟದ ಹೊತ್ತಿನಲ್ಲಿ ಹೇಳಲಿಲ್ಲ.

ತೀರ ಇತ್ತೀಚಿನದು 28 ಮಾರ್ಚ್ 2025. ಮ್ಯಾನ್ಮಾರ್‌ನಲ್ಲಿ 7.7 ಪ್ರಮಾಣದ ಭೂಕಂಪವಾದರೆ ಸಾವಿರ ಕಿಲೋಮೀಟರ್ ಆಚೆಯ ಬ್ಯಾಂಕಾಕ್‌ನಲ್ಲಿ ಗಗನಚುಂಬಿಗಳ ತಾರಸಿ ಈಜುಕೊಳದ ನೀರು ಬೀದಿಗೆ ಚೆಲ್ಲಿತು, ಕಟ್ಟುತ್ತಿದ್ದ ಸುಮಾರು 30 ಮಹಡಿಯ ಕಟ್ಟಡವೊಂದು ಕುಸಿಯಿತು. ಆ ಕಟ್ಟಡದ ದೋಷಗಳ ವಿಚಾರ ಬೇರೆ. ಬ್ಯಾಂಕಾಕ್‌ನ ಅಡಿಯಲ್ಲಿ ಇರುವುದು ದಪ್ಪನೆಯ ಮೆತ್ತನೆ ಜೇಡಿ.

"ಎತ್ತರದ ಕಟ್ಟಡವೇ ಅಪಾಯ, ಗಿಡ್ಡದ್ದು ಕ್ಷೇಮ"

ತೊಟ್ಟಿಲಿಗೆ ಹಗ್ಗ ಕಟ್ಟಿ ಕಾಲ್ಬೆರಳಲ್ಲಿ ಎಳೆಯುತ್ತ ಮಗು ಮಲಗಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೊಟ್ಟಿಲಿಗೆ ತನ್ನದೇ ಒಂದು ತಾಳವಿದೆ. ಆ ತಾಳಕ್ಕೆ ಎಳೆದರೆ ಕಿರುಬೆರಳು ಸಾಕು. ತಾಳ ತಪ್ಪಿಸಿ ಎಳೆದರೆ ಬಲ ಹಾಕಿದರೂ ತೂಗದು. ಕಟ್ಟಡಕ್ಕೂ ಹಾಗೆಯೇ. ಅಂದಾಜಿಗೆ ಒಂದು ಮಹಡಿಗೆ 0.1 ಸೆಕೆಂಡ್ ಲೆಕ್ಕ: ಐದು ಮಹಡಿಯದು ಸುಮಾರು ಅರ್ಧ ಸೆಕೆಂಡಿಗೆ ಒಂದು ತೂಗು ಮುಗಿಸುತ್ತದೆ. ಮಣ್ಣಿಗೂ ಒಂದು ತಾಳವಿದೆ. ಪದರದ ದಪ್ಪವನ್ನು ನಾಲ್ಕರಿಂದ ಗುಣಿಸಿ ಅಲೆವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ. 30 ಮೀಟರ್ ದಪ್ಪದ, ಸೆಕೆಂಡಿಗೆ 240 ಮೀಟರ್ ವೇಗದ ಮಣ್ಣು ಎನ್ನಿ. ಅದರ ತಾಳವೂ ಅರ್ಧ ಸೆಕೆಂಡ್. ಅಂಥ ಮಣ್ಣಿನ ಮೇಲೆ ಅಪಾಯ ಹೆಚ್ಚು ಇರುವುದು ಇಪ್ಪತ್ತು ಮಹಡಿಯ ಗೋಪುರಕ್ಕಲ್ಲ, ಐದು ಮಹಡಿಯ ಫ್ಲಾಟಿಗೆ.

ಮೆಕ್ಸಿಕೋದ ಕೆರೆಯಂಗಳದ ತಾಳ ಸುಮಾರು ಎರಡು ಸೆಕೆಂಡ್ ಇತ್ತು. ಆರರಿಂದ ಹದಿನೈದು ಮಹಡಿಯವುಗಳಿಗೆ ಪೆಟ್ಟು ಜಾಸ್ತಿ ಬಿತ್ತು: ನಡುಗುತ್ತ ಬಿರುಕು ಬಿಟ್ಟಂತೆ ಅವುಗಳ ಸ್ವಂತ ತಾಳವೂ ನಿಧಾನವಾಗುತ್ತ ಮಣ್ಣಿನ ತಾಳಕ್ಕೆ ಹೋಗಿ ಸೇರಿತು. 40ಕ್ಕೂ ಹೆಚ್ಚು ಮಹಡಿಯ ಲ್ಯಾಟಿನೊ ಅಮೆರಿಕಾನಾ ಗೋಪುರ ಅಲ್ಲೇ ನೆಟ್ಟಗೆ ನಿಂತಿತ್ತು.

"ದಕ್ಷಿಣ ಭಾರತದ ನೆಲ ಗಟ್ಟಿ, ಇಲ್ಲಿ ಭೂಕಂಪ ಆಗುವುದಿಲ್ಲ"

ಆಗುವುದು ಕಡಿಮೆ, ನಿಜ. ಆಗುವುದೇ ಇಲ್ಲ ಎಂದವರಿಗೆ 1967ರ ಕೊಯ್ನಾ, 30 ಸೆಪ್ಟೆಂಬರ್ 1993ರ ಕಿಲ್ಲಾರಿ ಉತ್ತರ ಕೊಟ್ಟಿವೆ. ನಮ್ಮ ಬೀದರ್, ಕಲಬುರಗಿಯ ಮಗ್ಗುಲಲ್ಲೇ ಇರುವ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಭೂಕಂಪದ ಪ್ರಮಾಣ 6.2 ಅಷ್ಟೇ. ಮಣ್ಣಿನ ಗಾರೆಯ ಕಲ್ಲುಗೋಡೆಯ ಮೇಲೆ ಭಾರದ ಮಣ್ಣಿನ ಮಾಳಿಗೆ ಹೊತ್ತ ಮನೆಗಳು ಮಲಗಿದವರ ಮೇಲೇ ಕೂತು ಹತ್ತು ಸಾವಿರದ ಹತ್ತಿರ ಜನ ಹೋದರು. ಅಲ್ಲಿ ನೆಲಕ್ಕಿಂತ ಗೋಡೆಯ ತಪ್ಪು ದೊಡ್ಡದು.

ಚೆನ್ನೈಗೆ ಹತ್ತಿರದ್ದೆಂದರೆ 25 ಸೆಪ್ಟೆಂಬರ್ 2001ರ ರಾತ್ರಿ ಎಂಟೂವರೆ ಸುಮಾರಿಗೆ ಪುದುಚೇರಿಯ ಆಚೆ ಕಡಲಲ್ಲಿ ಆದದ್ದು, ಪ್ರಮಾಣ 5.5ರ ಆಸುಪಾಸು. ನಗರದ ಜನ ಬೀದಿಗೆ ಬಂದಿದ್ದರು.

ಗಟ್ಟಿ ನೆಲಕ್ಕೆ ಇನ್ನೊಂದು ಮುಖವಿದೆ, ಇದು ಅನೇಕರಿಗೆ ಗೊತ್ತಿಲ್ಲ. ಹಳೆಯ, ತಣ್ಣಗಾದ, ಬಿರುಕು ಕಡಿಮೆ ಇರುವ ಶಿಲೆಯಲ್ಲಿ ಅಲೆಯ ಕಸುವು ಬೇಗ ಕುಂದುವುದಿಲ್ಲ. ಆದ್ದರಿಂದ ಪರ್ಯಾಯದ್ವೀಪದ ಒಂದು ಮಧ್ಯಮ ಭೂಕಂಪ ಬಹಳ ದೂರದವರೆಗೆ ಅನುಭವಕ್ಕೆ ಬರುತ್ತದೆ. ಅಮೆರಿಕದಲ್ಲೂ ಇದೇ ಕಥೆ: 2011ರ ವರ್ಜೀನಿಯಾ ಭೂಕಂಪದ ಪ್ರಮಾಣ 5.8, ಅನುಭವಕ್ಕೆ ಬಂದದ್ದು ಕೆನಡಾದವರೆಗೆ. ಕ್ಯಾಲಿಫೋರ್ನಿಯಾದ ಒಡೆದು ಚೂರಾದ ನೆಲದಲ್ಲಿ ಅಷ್ಟೇ ಗಾತ್ರದ್ದು ಅಷ್ಟು ದೂರ ಹೋಗದು.

"ನಾವು ಮೂರನೇ ವಲಯ, ಅಷ್ಟೇ ಸಾಕು"

ಭಾರತೀಯ ಮಾನಕ ಬ್ಯೂರೋದ ಐಎಸ್ 1893 ಸಂಹಿತೆ 2002ರಲ್ಲಿ ಪರಿಷ್ಕೃತವಾದಾಗ ಚೆನ್ನೈ ಎರಡರಿಂದ ಮೂರನೇ ವಲಯಕ್ಕೆ ಏರಿತು. ಬೆಂಗಳೂರು ಎರಡರಲ್ಲೇ ಉಳಿಯಿತು, ಮಂಗಳೂರು ಮೂರು. ಆ ನಕ್ಷೆಯಲ್ಲಿ ವಲಯದ ಗುಣಾಂಕ ಬೆಂಗಳೂರಿಗೆ 0.10, ಚೆನ್ನೈಗೆ 0.16. ಗಿಂಡಿಗೂ ಮಾಧವರಂಗೂ ಅದೇ 0.16. ಆ ನಕ್ಷೆ ಇಡೀ ಊರಿಗೆ ಒಂದೇ ಬಣ್ಣ ಬಳಿಯಿತು. ಅದಕ್ಕೇ 2002ರ ಆ ಸಂಹಿತೆ ಮಣ್ಣನ್ನು ಗಟ್ಟಿ, ಮಧ್ಯಮ, ಮೆತ್ತನೆ ಎಂದು ಮೂರು ಬಗೆ ಮಾಡಿ, ಬಗೆಗೆ ತಕ್ಕಂತೆ ಲೆಕ್ಕ ಹಾಕಲು ಎಂಜಿನಿಯರಿಗೆ ಹೇಳಿತು.

ಕಡಲ ಬಳಿಯ ಸಡಿಲ ಮರಳು ಅಂತರ್ಜಲದಲ್ಲಿ ತೊಯ್ದಿದ್ದರೆ ಇನ್ನೊಂದು ಕಾಟ: ಜೋರಾಗಿ ಅಲುಗಿದಾಗ ಮರಳು ಗಂಜಿಯಂತಾಗಿ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ವಸತಿ ಕಟ್ಟಡಗಳು ಹೀಗೇ ಒಡೆಯದೆ, ಬರೀ ಮಗ್ಗುಲಿಗೆ ವಾಲಿ ಮಲಗಿದವು. ಗಟ್ಟಿ ಪದರದವರೆಗೆ ಇಳಿಸಿದ ಪೈಲ್‌ಗಳು ಇದನ್ನು ತಡೆಯಬಲ್ಲವು. ಮಣ್ಣು ತೂಗುವುದನ್ನು ಅವು ನಿಲ್ಲಿಸಲಾರವು.

ಭಾವ ಕೊನೆಗೆ ಕೇಳಿದರು: "ಹಾಗಾದ್ರೆ ಮಾರಿಬಿಡೋಣ್ವಾ?" ಬೇಡವೇ ಬೇಡ. ಮೆತ್ತನೆಯ ನೆಲದ ಮೇಲೆ ಜಪಾನೀಯರು ನಗರಗಳನ್ನೇ ಕಟ್ಟಿದ್ದಾರೆ. ಮಣ್ಣು ನೋಡಿ, ಅದಕ್ಕೆ ಹೊಂದುವ ಕಟ್ಟಡ ಕಟ್ಟಬೇಕು ಅಷ್ಟೇ. ಕಟ್ಟುವ ಮುನ್ನ ಬೋರ್ ಕೊರೆದು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಆಳಆಳಕ್ಕೆ ಎಣಿಸಿರುತ್ತಾರೆ. ಆ ಎಣಿಕೆ ಇರುವ ಮಣ್ಣು ಪರೀಕ್ಷೆಯ ವರದಿ ಬಿಲ್ಡರ್ ಬಳಿ ಇರಬೇಕು. ಫ್ಲಾಟ್ ನೋಡಲು ಹೋದಾಗ ಟೈಲ್ಸ್, ಮಾಡ್ಯುಲರ್ ಕಿಚನ್ ನೋಡುವ ಮೊದಲು ಆ ವರದಿಯ ಪ್ರತಿ ಕೇಳಿ, ಕೆಳಗಿನ ಪಾರ್ಕಿಂಗ್ ಕಂಬಗಳನ್ನು ಯಾವ ಲೆಕ್ಕದಲ್ಲಿ ಕಟ್ಟಿದ್ದೀರಿ ಎಂದು ಕೇಳಿ, ಎರಡನ್ನೂ ನಿಮ್ಮ ಕಡೆಯ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಭಾವ ತಮ್ಮದನ್ನು ಕೇಳಿ ತರಿಸಿಕೊಂಡಿದ್ದಾರೆ. ಹನ್ನೊಂದು ಪುಟ ಇದೆ.