ಚಿಹ್ನೆಯೇ ಹೆಸರು, ಒಗಟೇ ಪ್ರಚಾರ: ಸಿನಿಮಾ ಸುಳಿವುಗಳ ಹಿಂದಿನ ಲೆಕ್ಕಾಚಾರ

ಕಲಬುರಗಿ: ಕಥೆಯ ಎಳೆಯನ್ನು ತಿಳಿಸಿ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಕರೆಯುವುದು ಹಳೆಯ ಕ್ರಮ. ಕಥೆಯನ್ನು ಮುಚ್ಚಿಟ್ಟು, ಒಂದು ಸುಳಿವನ್ನಷ್ಟೇ ಎಸೆದು, ಊಹಿಸುವ ಕೆಲಸವನ್ನು ಅಭಿಮಾನಿಗಳಿಗೆ ಒಪ್ಪಿಸುವುದು ಇತ್ತೀಚಿನ ಕ್ರಮ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಪ್ರೇಕ್ಷಕರಿಗೆ ಕನ್ನಡದಷ್ಟೇ ತೆಲುಗು, ಹಿಂದಿ ಚಿತ್ರಗಳೂ ಪರಿಚಿತ. 'ಕಟ್ಟಪ್ಪ ಬಾಹುಬಲಿಯನ್ನು ಕೊಂದದ್ದೇಕೆ' ಎಂಬ ಪ್ರಶ್ನೆ 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ ಜೀವಂತವಾಗಿದ್ದುದನ್ನು ಅವರು ಬಲ್ಲರು. ಉತ್ತರವನ್ನು ತಡೆಹಿಡಿದದ್ದೇ ಎರಡನೆಯ ಭಾಗಕ್ಕೆ ದೊಡ್ಡ ಜಾಹೀರಾತಾಯಿತು.

ಹೆಸರಿಲ್ಲದ ಟ್ರೇಲರ್

ಈ ತಂತ್ರಕ್ಕೆ ಪ್ರಸಿದ್ಧ ಉದಾಹರಣೆ ಹಾಲಿವುಡ್‌ನ 'ಕ್ಲೋವರ್‌ಫೀಲ್ಡ್'. 2007ರ ಜುಲೈನಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಚಿತ್ರದೊಂದಿಗೆ ತೋರಿಸಲಾದ ಅದರ ಟ್ರೇಲರ್‌ನಲ್ಲಿ ಚಿತ್ರದ ಹೆಸರೇ ಇರಲಿಲ್ಲ. ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ತಲೆ ನ್ಯೂಯಾರ್ಕ್‌ನ ಬೀದಿಗೆ ಬಂದು ಬೀಳುತ್ತದೆ. ಕೊನೆಗೆ ಬಿಡುಗಡೆಯ ದಿನಾಂಕ ಮಾತ್ರ. ದೈತ್ಯಜೀವಿ ಕಾಣಿಸುವುದಿಲ್ಲ.

ಅಷ್ಟೇ ಸಾಕಾಯಿತು. ಅದು ಗಾಡ್ಜಿಲ್ಲಾ ಎಂದು ಕೆಲವರು ವಾದಿಸಿದರು. 'ಅದಕ್ಕೆ ಜೀವವಿದೆ' ಎಂಬರ್ಥದ 'ಇಟ್ಸ್ ಅಲೈವ್' ಎಂಬ ಕೂಗನ್ನು 'ಇಟ್ಸ್ ಎ ಲಯನ್' ಎಂದು ಕೇಳಿಸಿಕೊಂಡವರು ಸಿಂಹರೂಪದ ಯಂತ್ರಮಾನವರ ಕಥೆಯನ್ನೇ ಹೆಣೆದರು. 'ಸ್ಲಶೋ' ಎಂಬ ಕಾಲ್ಪನಿಕ ಪಾನೀಯದ ಜಾಹೀರಾತಿನಲ್ಲೂ ಅಭಿಮಾನಿಗಳು ಸುಳಿವು ಹುಡುಕಿದರು. ಸುಮಾರು 2.5 ಕೋಟಿ ಡಾಲರ್ ವೆಚ್ಚದ ಚಿತ್ರ 2008ರ ಜನವರಿ 18ರಂದು ಅಮೆರಿಕದಲ್ಲಿ ತೆರೆಕಂಡು, ವಿಶ್ವಾದ್ಯಂತ ಸುಮಾರು 17 ಕೋಟಿ ಡಾಲರ್ ಗಳಿಸಿತು.

ಉಪೇಂದ್ರ ಮಾರ್ಗ

ಕನ್ನಡದಲ್ಲಿ ಈ ಜಾಡಿನ ಹಳಬರೆಂದರೆ ಉಪೇಂದ್ರ. 1998ರಲ್ಲಿ 'ಎ' ಎಂಬ ಒಂದೇ ಅಕ್ಷರವನ್ನು ಶೀರ್ಷಿಕೆಯಾಗಿಸಿದ ಅವರು, 2010ರ ಚಿತ್ರಕ್ಕೆ ಅಕ್ಷರವನ್ನೂ ಬಿಟ್ಟು ಕೈಬೆರಳುಗಳ ಸನ್ನೆಯನ್ನಷ್ಟೇ ಕೊಟ್ಟರು. ಅದನ್ನು 'ಸೂಪರ್' ಎಂದು ಓದಿಕೊಂಡವರು ಪ್ರೇಕ್ಷಕರು.

'ಯುಐ' ಚಿತ್ರಕ್ಕೆ ಆರಿಸಿದ್ದು ಹಣೆಯ ನಾಮದಂತೆ ಕಾಣುವ ಚಿಹ್ನೆ. ಇಂಗ್ಲಿಷ್ ಅಕ್ಷರಗಳೆಂದು ಓದಿದರೆ 'ನೀನು ಮತ್ತು ನಾನು' ಎಂಬರ್ಥ ಹೊರಡುತ್ತದೆ. ನಾಮವೆಂದು ಓದಿದರೆ ಭಕ್ತಿಯ ಗುರುತೂ ಹೌದು, 'ನಾಮ ಹಾಕು' ಎಂಬ ಮೋಸದ ಮಾತೂ ಹೌದು. ಯಾವ ಅರ್ಥವನ್ನು ಹಿಡಿದರೂ ಚರ್ಚೆ ಬೆಳೆಯುತ್ತದೆ.

2023ರ ಸೆಪ್ಟೆಂಬರ್ 18ರಂದು, ಉಪೇಂದ್ರ ಅವರ ಜನ್ಮದಿನದಂದು ಹೊರಬಂದ ಟೀಸರ್‌ನಲ್ಲಿ ದೃಶ್ಯಗಳೇ ಇರಲಿಲ್ಲ. ಕಪ್ಪು ಪರದೆ, ಅದರ ಹಿಂದೆ ಶಬ್ದ; ಉಳಿದದ್ದು ನೋಡುಗನ ಕಲ್ಪನೆಗೆ. 2024ರ ಡಿಸೆಂಬರ್‌ನಲ್ಲಿ ಬಂದ 'ವಾರ್ನರ್' ತುಣುಕು 2040ರ ಜಗತ್ತನ್ನು ತೋರಿಸಿ ಊಹೆಗಳಿಗೆ ಮತ್ತಷ್ಟು ಕಟ್ಟಿಗೆ ಒಡ್ಡಿತು.

ಲಾಭ ಯಾರಿಗೆ?

ಅರ್ಧ ತಿಳಿದ ವಿಷಯ ಮನಸ್ಸನ್ನು ಕಾಡುತ್ತದೆ. ತಾನೇ ಕಟ್ಟಿದ ಊಹೆಯ ಮೇಲೆ ಮನುಷ್ಯನಿಗೆ ಮಮತೆ ಹುಟ್ಟುತ್ತದೆ. ಊಹೆ ಸರಿಯೋ ತಪ್ಪೋ ಎಂದು ತಿಳಿಯಲು ಆತ ಟಿಕೆಟ್ ಕೊಳ್ಳುತ್ತಾನೆ. ಅದಕ್ಕೂ ಮುನ್ನ ಹತ್ತಾರು ಮಂದಿಗೆ ಅದನ್ನು ಹೇಳಿರುತ್ತಾನೆ. ಸಂಬಳವಿಲ್ಲದ ಪ್ರಚಾರಕ ಸಿದ್ಧನಾಗುವುದು ಹೀಗೆ.

ಆದರೆ ಇದರಲ್ಲಿ ಅಪಾಯವೂ ಇದೆ. ಸಾವಿರ ತಲೆಗಳು ಕಟ್ಟಿದ ಕಥೆಗಿಂತ ಪರದೆಯ ಮೇಲಿನ ಕಥೆ ಸಣ್ಣದಾದರೆ ನೋಡುಗನಿಗೆ ವಂಚನೆಯೆನಿಸುತ್ತದೆ. 'ಕ್ಲೋವರ್‌ಫೀಲ್ಡ್' ತನ್ನ ಜೀವಿಯ ಮೂಲವನ್ನು ಬಿಡಿಸಿ ಹೇಳಲೇ ಇಲ್ಲ; ಕೊನೆಯ ದೃಶ್ಯದಲ್ಲಿ ದೂರದ ಸಮುದ್ರಕ್ಕೆ ಏನೋ ಬೀಳುವುದನ್ನು ತೋರಿಸಿ ಮತ್ತೊಂದು ಚರ್ಚೆಗೆ ದಾರಿ ಮಾಡಿತು. 2024ರ ಡಿಸೆಂಬರ್ 20ರಂದು ತೆರೆಕಂಡ 'ಯುಐ' ಬುದ್ಧಿವಂತರು ಎದ್ದು ಹೋಗಲಿ, ದಡ್ಡರು ಪೂರ್ತಿ ನೋಡಲಿ ಎಂಬರ್ಥದ ಸೂಚನೆಯೊಂದಿಗೇ ಆರಂಭವಾಯಿತು. ಸಿನಿಮಾದ ಅರ್ಥ ಸಿಗದೆ ಅಲೆಯುವ ವಿಮರ್ಶಕನೇ ಅದರಲ್ಲೊಂದು ಪಾತ್ರ. ಅರ್ಥ ಬಿಡಿಸುವವರ ಗೀಳನ್ನು ಚಿತ್ರವೇ ಅಣಕಿಸಿತ್ತು.

ಒಗಟು ಬಿಡಿಸುವ ಅಭ್ಯಾಸ ಈ ಭಾಗಕ್ಕೆ ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳು ಭಜನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಒಂಬತ್ತು ಬಾಗಿಲ ಮನೆಯೆಂದರೆ ದೇಹವೆಂದು ತಿಳಿದ ಕೇಳುಗನ ಕೈಗೆ ಬದುಕಿನ ಬಗೆಗಿನ ಒಂದು ಮಾತು ದಕ್ಕುತ್ತದೆ. ಸಿನಿಮಾದ ಸುಳಿವಿಗೂ ಇದೇ ಒರೆಗಲ್ಲು ಸಲ್ಲುತ್ತದೆ. ಬಿಡಿಸಿದ ಮೇಲೆ ಕೈಗೆ ಏನಾದರೂ ಸಿಕ್ಕರೆ ಅದು ಒಗಟು. ಸಿಗದಿದ್ದರೆ ಬರೀ ಜಾಹೀರಾತು.