ಮೆತ್ತೆಯಲ್ಲ, ಅಗಲ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆ ಜೀನು, ಲಗಾಮು ಮಾಡಿಸುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಅವರ ಕುದುರೆ 1878ರಲ್ಲಿ ಸತ್ತುಹೋಯಿತು. ಕೆಲಸಕ್ಕೆ ಹೋಗಿಬರಲು ಸೈಕಲ್ಲೊಂದನ್ನು ಎರವಲು ತಂದರು. ಅದರ ಮರದ ಸೀಟಿನ ಮೇಲೆ ಕೂತು ಹೈರಾಣಾದರು. ಚರ್ಮದ ಕಸುಬು ಬಲ್ಲವರು ಸುಮ್ಮನಿದ್ದಾರೆಯೇ? 1882ರಲ್ಲಿ ಚರ್ಮದ ಸೀಟಿಗೆ ಪೇಟೆಂಟ್ ಪಡೆದರು. ಬ್ರೂಕ್ಸ್ ಕಂಪನಿ ಇಂದಿಗೂ ಹೇಳುವ ಕತೆ ಇದು.

ಆ ಸೀಟಿನೊಳಗೆ ಹತ್ತಿಯಿಲ್ಲ, ಸ್ಪಂಜಿಲ್ಲ. ದಪ್ಪ ಚರ್ಮವನ್ನು ಹಿಂದಿನ ಉಕ್ಕಿನ ಪಟ್ಟಿಗೆ ರಿವೆಟ್ ಹೊಡೆದು ಮುಂದಿನ ಮೂತಿಯವರೆಗೆ ಜೋಲಿಯಂತೆ ಬಿಗಿದಿರುತ್ತಾರೆ. ಮೂತಿಯ ಕೆಳಗೊಂದು ಬೋಲ್ಟು; ಚರ್ಮ ಜೋತುಬಿದ್ದರೆ ಅದನ್ನು ತುಸು ತಿರುಗಿಸಿದರಾಯಿತು. ಬಹಳ ದಿನ ಬಳಸಿದ ಸೀಟಿನ ಹಿಂಭಾಗದಲ್ಲಿ ಎರಡು ತಗ್ಗು ಮೂಡುತ್ತವೆ. ಅವು ನಮ್ಮ ಸೊಂಟದ ಅಡಿಯ ಎರಡು ಮೂಳೆಗಳ ಗುರುತು. ಮೈಭಾರ ಹೊರಬೇಕಾದವು ಆ ಮೂಳೆಗಳೇ. ನಡುವಿನ ಮೃದು ಭಾಗದಲ್ಲಿ ನರಗಳಿವೆ, ರಕ್ತನಾಳಗಳಿವೆ. ಭಾರ ಅಲ್ಲಿ ಬಿದ್ದರೆ ಜೋಮು ಹಿಡಿಯುತ್ತದೆ.

ಇದು ಅಳತೆಗೆ ಸಿಕ್ಕಿದ್ದು ಬಹಳ ತಡವಾಗಿ. 2002ರಲ್ಲಿ ಪ್ರಕಟವಾದ ಜರ್ಮನ್ ವೈದ್ಯರ ಅಧ್ಯಯನವೊಂದು, ಪುರುಷರು ಬೇರೆಬೇರೆ ಸೀಟುಗಳ ಮೇಲೆ ಕೂತು ತುಳಿಯುವಾಗ ಜನನಾಂಗಕ್ಕೆ ತಲುಪುವ ಆಮ್ಲಜನಕವನ್ನು ಅಳೆಯಿತು. ಕಿರಿದಾದ, ದಪ್ಪ ಮೆತ್ತೆಯ ಸೀಟಿನಲ್ಲಿ ಅದು ಶೇ. 82ರಷ್ಟು ಇಳಿದಿತ್ತು, ಮೂತಿಯಿಲ್ಲದ ಅಗಲ ಸೀಟಿನಲ್ಲಿ ಶೇ. 20ರಷ್ಟು ಮಾತ್ರ. ಮೆತ್ತೆ ಹೆಚ್ಚಾದರೆ ಮೂಳೆ ಹೂತುಹೋಗಿ ನಡುಭಾಗವೇ ಒತ್ತಿಸಿಕೊಳ್ಳುತ್ತದೆ. ಸೀಟಿನಿಂದ ನೋವಾಗುತ್ತದೆಂದು ಜೆಲ್ ಕವರ್ ಕೊಳ್ಳುವವರು ಇದನ್ನು ತಿಳಿದಿರಬೇಕು.

ಚೆನ್ನೈಗೂ ಈ ಕತೆಗೂ ನಂಟುಂಟು. 1949ರಲ್ಲಿ ಮುರುಗಪ್ಪ ಕುಟುಂಬ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಕಟ್ಟಿದ ಟಿಐ ಸೈಕಲ್ಸ್, ಅಂಬತ್ತೂರಿನಿಂದ ಹರ್ಕ್ಯುಲಿಸ್ ಸೈಕಲ್ಲುಗಳನ್ನು ಊರೂರಿಗೆ ಕಳಿಸಿತು. ಹಳೆಯ ಕರಿ ಸೈಕಲ್ಲಿನ ಅಗಲ ಸೀಟು, ಅದರಡಿಯ ದಪ್ಪ ಸ್ಪ್ರಿಂಗು, ಬೆನ್ನು ನೆಟ್ಟಗಿಟ್ಟು ಕೂರುವ ಭಂಗಿ, ಮೂರೂ ಒಂದಕ್ಕೊಂದು ಹೊಂದಿದ್ದವು. ನೆಟ್ಟಗೆ ಕೂತಾಗ ಭಾರ ತಾನಾಗಿ ಆ ಎರಡು ಮೂಳೆಗಳ ಮೇಲೆ ಬರುತ್ತದೆ.

ಆದರೆ ಸೀಟು ಎಷ್ಟೇ ಒಳ್ಳೆಯದಿರಲಿ, ಹಿಂದಿನಿಂದ ಬಸ್ಸು ಹಾರನ್ ಹೊಡೆದಾಗ ಸವಾರ ಸರಿಯಬೇಕಾದದ್ದು ಮರಳು ತುಂಬಿದ, ಚರಂಡಿ ಮುಚ್ಚಳ ಎದ್ದ ರಸ್ತೆಯಂಚಿಗೆ. ಡಾಂಬರಿನ ಮೇಲೆ ಎಳೆದ ಬಿಳಿ ಗೆರೆ ಬಸ್ಸನ್ನು ತಡೆಯುವುದಿಲ್ಲ. ರಸ್ತೆಯಿಂದ ಎತ್ತರಿಸಿದ, ಒಬ್ಬರನ್ನೊಬ್ಬರು ದಾಟಿಹೋಗುವಂತೆ ಎರಡು ಮೀಟರ್ ಅಗಲದ ಪಥವಾದರೆ ಮಾತ್ರ ಶಾಲಾಮಕ್ಕಳೂ ಹಾಲಿನವರೂ ಧೈರ್ಯವಾಗಿ ತುಳಿದಾರು. ಚೆನ್ನೈ ಪಾಲಿಕೆ ಇದನ್ನು ಬಲ್ಲದು. 2014ರಲ್ಲೇ ಅದು ಮೋಟಾರುರಹಿತ ಸಂಚಾರಕ್ಕೆಂದು ನೀತಿಯೊಂದನ್ನು ಒಪ್ಪಿ, ಸಾರಿಗೆ ಹಣದ ಶೇ. 60ನ್ನು ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಮೀಸಲಿಡುವ ಗುರಿ ಹಾಕಿಕೊಂಡಿತ್ತು. ಆ ಹಣದ ಮೊದಲ ಪಥ ಅಂಬತ್ತೂರು ಕೈಗಾರಿಕಾ ಪ್ರದೇಶದಿಂದ ರೈಲು ನಿಲ್ದಾಣದವರೆಗೆ ಬರಲಿ ಎಂಬುದು ನನ್ನ ಆಸೆ. ಪಾಳಿ ಮುಗಿಸಿ ಸೈಕಲ್ಲಿನಲ್ಲೇ ಮನೆಗೆ ಹೊರಡುವ ಕಾರ್ಮಿಕರು ಅಲ್ಲಿದ್ದಾರೆ.